32 ಸಾವಿರದ ಗೆರೆ: ಕಂದಾಯ ಸಚಿವರಿಗೆ ಚಿತ್ರದುರ್ಗದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಂದಾಯ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ

ವಿಷಯ: ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ (65 ದಾಟಿದವರಿಗೆ ರಾಜ್ಯ ಕೊಡುವ ಪಿಂಚಣಿ) ಮತ್ತು ವಿಧವಾ ವೇತನಕ್ಕೆ ಇರುವ ವಾರ್ಷಿಕ ಆದಾಯ ಮಿತಿಯ ಬಗ್ಗೆ.

ಮಾನ್ಯರೇ,

ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ನಾನು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೆಸರಿಗೆ ಜೆರಾಕ್ಸ್ ಅಂಗಡಿ, ನಿಜವಾದ ಕೆಲಸ ಅರ್ಜಿ ತುಂಬುವುದು. ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಮಕ್ಕಳ ಸ್ಕಾಲರ್‌ಶಿಪ್, ಮುದುಕರ ಪಿಂಚಣಿ. ಒಂದು ಅರ್ಜಿ ರಿಜೆಕ್ಟ್ ಆಗಿ ಮತ್ತೆ ಬಂದರೆ ನನಗೆ ಮತ್ತೊಂದು ಸಲ ದುಡ್ಡು. ಆ ಲೆಕ್ಕದಲ್ಲಿ ನೋಡಿದರೆ ಈಗಿನ ಪದ್ಧತಿ ಹೀಗೇ ಇರಲಿ ಎಂದು ನಾನು ಆಸೆಪಡಬೇಕು. ಆದರೂ ಬರೆಯುತ್ತಿದ್ದೇನೆ. ಕೌಂಟರಿನ ಈ ಕಡೆ ಕೂತವನಿಗೆ ಕಾಣುವುದು ವಿಧಾನಸೌಧದಲ್ಲಿ ಕೂತವರಿಗೆ ಕಾಣುವ ಸಾಧ್ಯತೆ ಕಡಿಮೆ.

ವಿಷಯ ಇಷ್ಟೇ. ಸಾಮಾಜಿಕ ಭದ್ರತಾ ಪಿಂಚಣಿ ಬೇಕು ಎನ್ನುವವರ ವಾರ್ಷಿಕ ಆದಾಯ 32 ಸಾವಿರ ರೂಪಾಯಿ ದಾಟಬಾರದು. ತಿಂಗಳಿಗೆ ಹಂಚಿದರೆ 2,667 ರೂಪಾಯಿ ಬರುತ್ತದೆ. ದಿನಕ್ಕೆ ಹಂಚಿದರೆ 88ಕ್ಕೂ ಸ್ವಲ್ಪ ಕಮ್ಮಿ. ಗಂಡ ಹೆಂಡತಿ ಇಬ್ಬರೂ ಬದುಕಿದ್ದರೆ ತಲೆಗೆ 44 ರೂಪಾಯಿ. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆ ಶೇಂಗಾ ಕೀಳುವ ಕಾಲಕ್ಕೆ ಒಂದು ಸಲ ಬಂದು ನೋಡಿ. 88 ರೂಪಾಯಿ ಕೂಲಿಗೆ ಅಲ್ಲಿ ಯಾರೂ ಕರೆಯುವುದೂ ಇಲ್ಲ, ಕರೆದರೆ ಯಾರೂ ಬರುವುದೂ ಇಲ್ಲ.

ಸರ್ಕಾರದ ಲೆಕ್ಕವನ್ನೇ ಹಿಡಿಯೋಣ. ಉದ್ಯೋಗ ಖಾತರಿಯಲ್ಲಿ ನಮ್ಮ ರಾಜ್ಯದ ದಿನಗೂಲಿ 2023-24ರಲ್ಲಿ 316 ರೂಪಾಯಿ ಇತ್ತು. 2024-25ರಲ್ಲಿ 349 ಆಯಿತು. 2025-26ರಲ್ಲಿ 370. ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ ಕೊಡುತ್ತೇವೆ ಎಂದು ಕಾನೂನೇ ಮಾತು ಕೊಟ್ಟಿತ್ತು. 370ರಂತೆ 100 ದಿನ ದುಡಿದರೆ 37 ಸಾವಿರ. ಅಂದರೆ ಬದುವು ಹಾಕಿ, ಕೃಷಿ ಹೊಂಡ ತೋಡಿ ಬದುಕುವ ವಯಸ್ಸಾದ ಜೋಡಿ 86 ದಿನ ಕೆಲಸ ಮಾಡಿದರೆ ಬಡವರು. 87ನೇ ದಿನ ಸಲಿಕೆ ಹಿಡಿದರೆ ನಿಮ್ಮ ಪಿಂಚಣಿ ಪುಸ್ತಕದಲ್ಲಿ ಅವರು ಬಡವರಲ್ಲ. ಈ ಕೂಲಿ ಯಾರೋ ಕೈಗೆ ಕೊಟ್ಟ ದುಡ್ಡಲ್ಲ, ಸರ್ಕಾರವೇ ಅವರ ಖಾತೆಗೆ ಹಾಕಿದ್ದು. ಒಂದು ಇಲಾಖೆ ಕೊಟ್ಟ ಕೂಲಿಯೇ ಇನ್ನೊಂದು ಇಲಾಖೆಯ ಬಾಗಿಲು ಮುಚ್ಚಲು ಸಾಕಾಗುತ್ತದೆ ಎಂದರೆ ಗೆರೆ ಎಲ್ಲೋ ತಪ್ಪಾಗಿ ಬಿದ್ದಿದೆ, ಅಲ್ವಾ?

2007ರಲ್ಲಿ ಸಂಧ್ಯಾ ಸುರಕ್ಷಾ ಶುರುವಾದಾಗ ಪಿಂಚಣಿ 400 ರೂಪಾಯಿ, ಆದಾಯ ಮಿತಿ 20 ಸಾವಿರ. ಈಗ 65 ದಾಟಿದವರಿಗೆ ಪಿಂಚಣಿ 1,200. ಅದು ಮೂರು ಪಟ್ಟಾಗಿದೆ, ಸಂತೋಷ. 2011ರಲ್ಲಿ 125 ರೂಪಾಯಿ ಇದ್ದ ಉದ್ಯೋಗ ಖಾತರಿ ಕೂಲಿಯೂ ಹೆಚ್ಚುಕಮ್ಮಿ ಮೂರು ಪಟ್ಟಾಗಿದೆ. ಆದಾಯ ಮಿತಿ ಮಾತ್ರ ಒಂದೂವರೆ ಪಟ್ಟಿಗಿಂತ ಒಂದಿಷ್ಟು ಮುಂದೆ ಹೋಗಿ ನಿಂತುಬಿಟ್ಟಿದೆ. ಕೂಲಿ ಏರಿತು, ಅಕ್ಕಿಬೇಳೆ ಏರಿತು, ಗುಳಿಗೆ ಏರಿತು. ಬಡವ ಅನ್ನಿಸಿಕೊಳ್ಳುವ ಗೆರೆ ಏರಲಿಲ್ಲ. ಹೀಗಾಗಿ ಮೊದಲಿಗಿಂತ ಜಾಸ್ತಿ ಬಡವರು ಆ ಗೆರೆಯ ಆಚೆ ಬಿದ್ದಿದ್ದಾರೆ, ಅವರ ಬದುಕಿನಲ್ಲಿ ಏನೂ ಬದಲಾಗದೆ.

ಇದರ ಪರಿಣಾಮ ಏನು ಅಂತ ಹೇಳುತ್ತೇನೆ. ಅರ್ಜಿಯಲ್ಲಿ ಆದಾಯದ ಕಾಲಂ ಬಂದಾಗ ನಾನು ಕೇಳಲೇಬೇಕು. "ಅಜ್ಜಿ, ವರ್ಷಕ್ಕೆ ಎಷ್ಟು ಬರುತ್ತೆ?" ಅಜ್ಜಿ ನನ್ನ ಮುಖ ನೋಡುತ್ತದೆ. ಜೊತೆಗೆ ಬಂದ ಸೊಸೆಯ ಮುಖ ನೋಡುತ್ತದೆ. ಆಮೇಲೆ ಎಲ್ಲರೂ ಹೇಳುವ ಮಾತು ಒಂದೇ: "ಎಷ್ಟ್ ಬರೆದ್ರೆ ಆಗುತ್ತೋ ಅಷ್ಟ್ ಬರ್ಕಳಪ್ಪ." ಹೀಗೆ ನಮ್ಮ ಹೋಬಳಿಯಲ್ಲಿ ಎಷ್ಟೋ ಮುದುಕರ ಆದಾಯ 30 ಸಾವಿರದ ಆಸುಪಾಸಿನಲ್ಲಿ ಬಂದು ಕೂತಿದೆ. ಕುರಿ ಮೇಯಿಸುವವರದ್ದೂ ಅಷ್ಟೇ, ಗೂಡಂಗಡಿಯವರದ್ದೂ ಅಷ್ಟೇ, ಏನೂ ಇಲ್ಲದವರದ್ದೂ ಅಷ್ಟೇ. ಸ್ಥಳಕ್ಕೆ ಬರುವ ಗ್ರಾಮ ಆಡಳಿತ ಅಧಿಕಾರಿಗೂ ಇದು ಗೊತ್ತು. ಮೇಲೆ ಸಹಿ ಹಾಕುವವರಿಗೂ ಗೊತ್ತು. ಅವರಲ್ಲಿ ಮನುಷ್ಯತ್ವ ಇರುವವರು ಕಣ್ಣು ಮುಚ್ಚಿ 30 ಸಾವಿರ ಬರೆಯುತ್ತಾರೆ. ನಿಯಮ ಪಾಲಿಸಿದರೆ ಬಡವನಿಗೆ ಅನ್ಯಾಯ, ಬಡವನಿಗೆ ನ್ಯಾಯ ಮಾಡಿದರೆ ನಿಯಮಕ್ಕೆ ಮೋಸ. ನಿಮ್ಮದೇ ನೌಕರರನ್ನು ಈ ಇಕ್ಕಟ್ಟಿನಲ್ಲಿ ನಿಲ್ಲಿಸಿರುವುದು ಆ ಒಂದು ಸಂಖ್ಯೆ.

ನಿಜ ಹೇಳಿದವರ ಕಥೆ ಬೇರೆ. ಎಪ್ಪತ್ತು ದಾಟಿದ ಒಬ್ಬ ಯಜಮಾನರು. ಹೆಂಡತಿಗೆ ಮಂಡಿನೋವು, ಮಗಳು ಗಂಡನ ಮನೆಯಲ್ಲಿ. ಇವರು ಮೆಕ್ಕೆಜೋಳದ ಗೋಡೌನಿನಲ್ಲಿ ರಾತ್ರಿ ಕಾವಲು. ತಿಂಗಳಿಗೆ ನಾಲ್ಕು ಸಾವಿರ, ಅದೂ ಸೀಸನ್ ಇದ್ದಾಗ ಸರಿಯಾಗಿ, ಇಲ್ಲದಾಗ ಎರಡು ತಿಂಗಳಿಗೊಮ್ಮೆ. ವಿಚಾರಣೆಗೆ ಬಂದವರು ಕೇಳಿದಾಗ ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವರ್ಷಕ್ಕೆ 48 ಸಾವಿರ ಆಯಿತಲ್ಲ, ಮಿತಿ ಮೀರಿತು. ಅರ್ಜಿ ವಾಪಸ್. "ಸುಳ್ಳು ಹೇಳ್ಬೇಕಿತ್ತೇನಪ್ಪಾ?" ಎಂದು ನನ್ನನ್ನೇ ಕೇಳಿದರು. ಏನು ಹೇಳಲಿ ನಾನು? ಮುದುಕ ನಿದ್ದೆಗೆಟ್ಟು ಕಾವಲು ಕಾಯುತ್ತಿರುವುದೇ ಪಿಂಚಣಿ ಇಲ್ಲದ್ದಕ್ಕೆ. ಪಿಂಚಣಿ ಇಲ್ಲದಿರುವುದು ಕಾವಲು ಕಾಯುತ್ತಿರುವುದಕ್ಕೆ.

ಅದೇ ಊರಿನಲ್ಲಿ ಮೋಲ್ಡ್ ಮನೆ, ಮನೆ ಮುಂದೆ ಟ್ರಾಕ್ಟರ್, ಬೋರ್‌ವೆಲ್‌ನಲ್ಲಿ ನೀರು ಇರುವ ಅಡಿಕೆ ತೋಟ ಇಟ್ಟುಕೊಂಡವರ ತಂದೆಗೆ ಪಿಂಚಣಿ ಬರುತ್ತದೆ. ಅವರ ಆದಾಯ ಪ್ರಮಾಣ ಪತ್ರದಲ್ಲಿ ಇರುವುದು 20 ಸಾವಿರ. ಅವರಿಗೆ ಯಾರನ್ನು ಕಾಣಬೇಕು, ಯಾವಾಗ ಕಾಣಬೇಕು ಎಂಬುದು ಗೊತ್ತು. "ಅನರ್ಹರು ಪಿಂಚಣಿ ತಿನ್ನುತ್ತಿದ್ದಾರೆ" ಎಂದು ಸರ್ಕಾರ ಆಗಾಗ ಹೇಳುತ್ತದಲ್ಲ, ಅದು ಸುಳ್ಳಲ್ಲ. ಆದರೆ ಆದಾಯ ಮಿತಿ ಅವರನ್ನು ಒಂದು ದಿನವೂ ತಡೆದದ್ದನ್ನು ನಾನು ನೋಡಿಲ್ಲ. ಅದು ದೊಡ್ಡ ಮೀನಿಗೆ ತೂತು ಬಿಟ್ಟು ಸಣ್ಣ ಮೀನಿಗೆ ಹೆಣೆದ ಬಲೆ. ನಿಜ ಹೇಳುವವರು, ಯಾರ ಪರಿಚಯವೂ ಇಲ್ಲದವರು, ಓದು ಬರಹ ಬರದವರು ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ.

ಇನ್ನೊಂದು ತೊಡಕು ಕುಟುಂಬದ ಆದಾಯದ್ದು. ಸಂಧ್ಯಾ ಸುರಕ್ಷಾ ಬಂದಾಗಿನ ನಿಯಮದ ಪ್ರಕಾರ ನೋಡಬೇಕಾದದ್ದು ಗಂಡ ಹೆಂಡತಿಯ ಆದಾಯ. ಮಕ್ಕಳದ್ದಲ್ಲ. ಅದು ಸರಿಯಾದ ನಿಯಮ. ಆದರೆ ಕೈಗೆ ಸಿಗುವ ಆದಾಯ ಪ್ರಮಾಣ ಪತ್ರ ಕುಟುಂಬದ ಹೆಸರಿನಲ್ಲಿ ಇರುತ್ತದೆ. ಒಂದೇ ರೇಷನ್ ಕಾರ್ಡಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಈಗ ಎಲ್ಲವೂ ಇಡೀ ಮನೆಗೆ ಒಂದೇ ನಂಬರ್ ಆದ ಕುಟುಂಬ ಐಡಿಗೆ ಜೋಡಣೆ ಬೇರೆ. ನನ್ನ ಅಂಗಡಿಗೆ ಬಂದ ಒಂದು ಮನೆಯವರು ಮೊಮ್ಮಗನ ಹಾಸ್ಟೆಲ್ ಸೀಟಿಗೆಂದು ಆದಾಯ ಪ್ರಮಾಣ ಪತ್ರ ಮಾಡಿಸಿದ್ದರು. ಹಾಸ್ಟೆಲಿಗೆ ಮಿತಿ ಜಾಸ್ತಿ, ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳದೆ 60 ಸಾವಿರ ಬರೆಸಿದರು. ಆಮೇಲೆ ಅಜ್ಜಿಯ ಅರ್ಜಿ ಹೋಯಿತು. "ಹೋದ ವರ್ಷ 60 ಸಾವಿರ ಇದ್ದ ಮನೆಗೆ ಈ ವರ್ಷ 30 ಸಾವಿರ ಹೇಗೆ ಬರೆಯಲಿ?" ಎಂದು ಕೇಳಿದರಂತೆ. ಕೇಳಿದವರ ತಪ್ಪಲ್ಲ. ಕೊನೆಗೆ ಅಜ್ಜಿಯ ಹೆಸರನ್ನು ಕಾರ್ಡಿನಿಂದ ತೆಗೆಸಿ ಬೇರೆ ಕಾರ್ಡ್ ಮಾಡಿಸಿ ಎಂದು ಯಾರೋ ಸಲಹೆ ಕೊಟ್ಟರು. ಸಲಹೆ ಕೇಳಿದ ಸೊಸೆ ಅತ್ತಳು. "ಊರೋರು ಏನಂತಾರೆ, ಅತ್ತೇನ ಹೊರಗಾಕಿದ್ಲು ಅಂತಾರೆ" ಅಂದಳು. ಒಂದೇ ಒಲೆಯಲ್ಲಿ ಉಣ್ಣುವವರನ್ನು ಕಾಗದದ ಮೇಲೆ ಬೇರೆ ಮಾಡಿಸುವ ಕೆಲಸ ಸರ್ಕಾರಕ್ಕೆ ಯಾಕೆ ಬೇಕು?

ಅಜ್ಜಿಯ ಕೈಗೆ ತಿಂಗಳಿಗೆ 1,200 ಬಂದರೆ ಆ ಮನೆಯಲ್ಲಿ ಅಜ್ಜಿಯ ಮಾತಿಗೆ ಒಂದು ತೂಕ. ಮಗ ದುಡಿಯುತ್ತಾನೆ ನಿಜ. ಆದರೆ ಬಿಪಿ ಗುಳಿಗೆಗೆ, ಎಲೆ ಅಡಿಕೆಗೆ, ಮಗಳು ಬಂದಾಗ ಮೊಮ್ಮಗುವಿನ ಕೈಗೆ ಕೊಡಲು ನೂರು ರೂಪಾಯಿಗೆ ಮಗನನ್ನು ಕೇಳಬೇಕಾದ ಸ್ಥಿತಿ ಇದೆಯಲ್ಲ, ಅದು ಯಾವ ಪ್ರಮಾಣ ಪತ್ರದಲ್ಲೂ ಬರುವುದಿಲ್ಲ.

ಜಮೀನಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಜಮೀನು ನೋಡದೆ ಪಹಣಿ ಮಾತ್ರ ನೋಡುವವರಿಗೆ ನಾಲ್ಕು ಎಕರೆ ಅಂದರೆ ಏನೋ ಇದೆ ಅನ್ನಿಸುತ್ತದೆ. ಚನ್ನಗಿರಿ ಕಡೆಯ ನಾಲ್ಕು ಎಕರೆ ಅಡಿಕೆ ತೋಟವೂ ನಾಲ್ಕೇ ಎಕರೆ, ಚಳ್ಳಕೆರೆ ಅಥವಾ ಜಗಳೂರಿನ ನಾಲ್ಕು ಎಕರೆ ಮಳೆಯಾಶ್ರಿತ ಹೊಲವೂ ನಾಲ್ಕೇ ಎಕರೆ. ಎರಡೂ ಒಂದೇನಾ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಆ ವರ್ಷ ನಮ್ಮಲ್ಲಿ ಎಷ್ಟೋ ಜನರಿಗೆ ಬಿತ್ತಿದ ಶೇಂಗಾ ಬೀಜದ ದುಡ್ಡೂ ವಾಪಸ್ ಬರಲಿಲ್ಲ. ಆದಾಯ ಪ್ರಮಾಣ ಪತ್ರಕ್ಕೆ ಐದು ವರ್ಷ ಆಯಸ್ಸು. ಒಳ್ಳೆ ಮಳೆಯಾದ ವರ್ಷ ಬರೆಸಿದ ಆದಾಯವನ್ನೇ ಬರದ ವರ್ಷವೂ ಹೊತ್ತುಕೊಂಡು ತಿರುಗಬೇಕು. ಇದರ ಜೊತೆಗೆ ಪಹಣಿ ಇನ್ನೂ ಸತ್ತ ಅಪ್ಪನ ಹೆಸರಿನಲ್ಲೋ, ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲೋ ಇರುತ್ತದೆ. ಪಾಲು ಬಂದಿಲ್ಲ, ಬೆಳೆಯೂ ಬಂದಿಲ್ಲ. ಆದಾಯದ ಲೆಕ್ಕಕ್ಕೆ ಮಾತ್ರ ಜಮೀನು ಬಂದಿರುತ್ತದೆ.

ಉಳಿತಾಯದ ಷರತ್ತಂತೂ ಕೇಳಲೇಬೇಡಿ. ಸಂಧ್ಯಾ ಸುರಕ್ಷಾದ ಮೂಲ ನಿಯಮದಲ್ಲಿ ದಂಪತಿಯ ಠೇವಣಿ 10 ಸಾವಿರ ದಾಟಬಾರದು ಎಂದಿದೆ. ನಮ್ಮಲ್ಲಿ ಮುದುಕರು ದುಡ್ಡು ಕೂಡಿಡುವುದು ಒಂದೇ ಕಾರಣಕ್ಕೆ. ಸತ್ತಾಗ ಮಣ್ಣಿನ ಖರ್ಚು, ತಿಥಿ ಖರ್ಚು ಮಕ್ಕಳ ಮೇಲೆ ಬೀಳಬಾರದು ಅಂತ. ಅದಕ್ಕೆ 10 ಸಾವಿರ ಸಾಲುತ್ತದೆಯೇ, ನೀವೇ ಹೇಳಿ. ಮಾನದಿಂದ ಮಣ್ಣಾಗಬೇಕು ಎಂದು ಕೂಡಿಟ್ಟವರನ್ನು ಉಳ್ಳವರು ಎಂದು ಲೆಕ್ಕ ಹಾಕುವುದು ಯಾವ ನ್ಯಾಯ?

ಇದೇ ಸರ್ಕಾರದ ಬೇರೆ ಬೇರೆ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅರ್ಜಿ ತುಂಬುವವನಿಗೆ ಇವೆಲ್ಲ ಒಂದೇ ಸ್ಕ್ರೀನಿನಲ್ಲಿ ಕಾಣುತ್ತವೆ. ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯ 1.20 ಲಕ್ಷದವರೆಗೆ ಇರಬಹುದು. ಪಿಂಚಣಿಗೆ 32 ಸಾವಿರ. ಅಂದರೆ ಅಕ್ಕಿ ಕೊಡುವಾಗ ಬಡವ, ಪಿಂಚಣಿ ಕೊಡುವಾಗ ಬಡವನಲ್ಲ. ಆರ್ಥಿಕವಾಗಿ ಹಿಂದುಳಿದವರಿಗೆ ಕೇಂದ್ರ ಕೊಡುವ ಶೇ 10 ಮೀಸಲಾತಿಗೆ ಕುಟುಂಬದ ಆದಾಯ ಮಿತಿ 8 ಲಕ್ಷ. 8 ಲಕ್ಷ ಅಂದರೆ 32 ಸಾವಿರದ ಸರಿಯಾಗಿ 25 ಪಟ್ಟು. ಮೀಸಲಾತಿಯದ್ದು, ಪಿಂಚಣಿಯದ್ದು, ಎರಡು ಕಾಗದವೂ ಬರುವುದು ಅದೇ ಕಂದಾಯ ಇಲಾಖೆಯಿಂದ. ಒಂದರಲ್ಲಿ ವರ್ಷಕ್ಕೆ 7 ಲಕ್ಷ ಬರುವ ಮನೆ ದುರ್ಬಲ, ಇನ್ನೊಂದರಲ್ಲಿ 33 ಸಾವಿರ ಬರುವ ಮುದುಕಿ ಅನುಕೂಲಸ್ಥೆ. ಕೇಂದ್ರದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆಯೇ ಬೀಳುವುದಿಲ್ಲ. ಅವರಿಗೆ ಸಿಕ್ಕಿದ್ದು ಬೇಡ ಎನ್ನುತ್ತಿಲ್ಲ. ಆದರೆ 12 ಲಕ್ಷದವರನ್ನು ಮಧ್ಯಮ ವರ್ಗ ಎಂದು ಕನಿಕರದಿಂದ ನೋಡುವ ದೇಶದಲ್ಲಿ 32 ಸಾವಿರದವರನ್ನು ಇಷ್ಟು ಅನುಮಾನದಿಂದ ನೋಡಬೇಕಾ?

ನಿಮ್ಮದೇ ಸರ್ಕಾರ ಇನ್ನೊಂದು ದಾರಿಯನ್ನೂ ತೋರಿಸಿದೆ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಬಸ್ ಹತ್ತುವ ಹೆಂಗಸಿಗೆ ಕಂಡಕ್ಟರ್ ಆದಾಯ ಕೇಳುವುದಿಲ್ಲ. (ನಮ್ಮ ಜಿಲ್ಲೆಗಳಲ್ಲಿ ಪ್ರೈವೇಟ್ ಬಸ್ಸುಗಳೇ ಓಡಾಡುವ ರೂಟ್‌ಗಳು ಬಹಳ, ಅಲ್ಲಿ ಅಜ್ಜಿಯರೂ ಟಿಕೆಟ್ ತಗೊಳ್ಳಲೇಬೇಕು. ಅದು ಬೇರೆ ಪತ್ರಕ್ಕೆ ಇರಲಿ.) ಅದೇ ವರ್ಷ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ಅಲ್ಲಿ ಮನೆ ಯಜಮಾನಿಗೆ ತಿಂಗಳಿಗೆ 2 ಸಾವಿರ, ವರ್ಷಕ್ಕೆ 24 ಸಾವಿರ. ಆದಾಯ ಪ್ರಮಾಣ ಪತ್ರ ಬೇಡ. ಯಜಮಾನಿಯೋ ಅವಳ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾದರೆ ಮಾತ್ರ ಇಲ್ಲ. ಎಪಿಎಲ್ ಕಾರ್ಡಿನವರಿಗೂ ಉಂಟು. ಪಿಎಂ ಕಿಸಾನ್‌ನ ವರ್ಷದ 6 ಸಾವಿರವೂ ಹೀಗೇ. ತೆರಿಗೆ ಕಟ್ಟುವವರು, ಒಳ್ಳೆ ಪಿಂಚಣಿ ಇರುವ ನಿವೃತ್ತ ನೌಕರರು ಇಂಥವರನ್ನು ಬಿಟ್ಟು ಜಮೀನಿರುವ ಉಳಿದ ರೈತರಿಗೆ ಕೊಡುತ್ತಾರೆ. ಬಡವ ಎಂದು ಸಾಬೀತು ಮಾಡು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಉಳ್ಳವರು ಯಾರು ಎಂದು ಸರ್ಕಾರವೇ ತನ್ನ ದಾಖಲೆಯಲ್ಲಿ ಹುಡುಕಿಕೊಳ್ಳುತ್ತದೆ. 2 ಸಾವಿರ ಕೊಡಲು ಈ ನಂಬಿಕೆ ಸಾಕಾಗುವುದಾದರೆ 1,200 ಕೊಡಲು ಯಾಕೆ ಸಾಲದು? ವಿಧವೆಯರ 800ಕ್ಕೆ ಯಾಕೆ ಸಾಲದು?

ಆ ದಾರಿಯಲ್ಲೂ ಕಲ್ಲುಮುಳ್ಳು ಇವೆ ಎಂಬುದನ್ನು ಮುಚ್ಚಿಡುವುದಿಲ್ಲ. ಬ್ಯಾಂಕ್ ಸಾಲ ಬೇಕು ಎಂದು ಆಡಿಟರ್ ಮಾತು ಕೇಳಿ ಐಟಿ ರಿಟರ್ನ್ಸ್ ಹಾಕಿಸಿದ ಸಣ್ಣ ವ್ಯಾಪಾರಿಗಳು ನಮ್ಮಲ್ಲಿ ಇದ್ದಾರೆ. ಒಂದು ರೂಪಾಯಿ ತೆರಿಗೆ ಕಟ್ಟಿಲ್ಲ. ಆದರೂ ಕಂಪ್ಯೂಟರಿನಲ್ಲಿ ತೆರಿಗೆದಾರರು ಎಂದು ಬಂದು ಮನೆಯವರ ಗೃಹಲಕ್ಷ್ಮಿ ನಿಂತ ಉದಾಹರಣೆ ನನ್ನ ಅಂಗಡಿಗೇ ಬಂದಿದೆ. ರಿಟರ್ನ್ಸ್ ಹಾಕಿದವರು ಬೇರೆ, ತೆರಿಗೆ ಕಟ್ಟಿದವರು ಬೇರೆ. ಈ ವ್ಯತ್ಯಾಸ ಸಾಫ್ಟ್‌ವೇರಿಗೆ ಕಲಿಸಬೇಕು.

ಬರುತ್ತಿರುವ ಪಿಂಚಣಿ ನಿಲ್ಲಿಸುವ ವಿಷಯ ಇನ್ನೂ ಸಂಕಟದ್ದು. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ಇದ್ದಕ್ಕಿದ್ದಂತೆ ಎಪಿಎಲ್ ಆದಾಗ ರಾಜ್ಯದಲ್ಲಿ ಎಷ್ಟು ಗದ್ದಲ ಆಯಿತು ಎಂಬುದು ತಮಗೆ ಗೊತ್ತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಬೇರೆಯವರ ಕಾರ್ಡ್ ರದ್ದು ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಕಾರ್ಡಿನವರಿಗೆ ಧ್ವನಿ ಇತ್ತು, ಟಿವಿಯಲ್ಲಿ ಬಂತು, ಸರಿಹೋಯಿತು. ಪಿಂಚಣಿ ನಿಂತ ಮುದುಕರಿಗೆ ಆ ಧ್ವನಿ ಇಲ್ಲ. ನಾನು ನೋಡಿದ ಪ್ರಕರಣಗಳಲ್ಲಿ ಒಬ್ಬರಿಗೂ ಮೊದಲೇ ನೋಟಿಸ್ ಬಂದಿಲ್ಲ. ದುಡ್ಡು ನಿಂತಿದ್ದು ಗೊತ್ತಾಗುವುದು ಬ್ಯಾಂಕಿಗೆ ಹೋದಾಗ, ಇಲ್ಲ ಪೋಸ್ಟ್‌ಮ್ಯಾನ್ "ಈ ಸಲ ನಿಂದು ಬಂದಿಲ್ಲಮ್ಮಾ" ಅಂದಾಗ. ಮುಂದಿನ ತಿಂಗಳು ಬರಬಹುದು ಅಂದುಕೊಂಡು ಕಾಯುತ್ತಾರೆ. ಅದರ ಮುಂದಿನ ತಿಂಗಳೂ ಕಾಯುತ್ತಾರೆ. ಆಮೇಲೆ ಆರ್ಡರ್ ಕಾಪಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಆಧಾರ್ ಜೋಡಣೆ ತಪ್ಪಿದ್ದರೆ ಸರಿ ಮಾಡಿಸಬಹುದು. "ಅನರ್ಹ" ಎಂದು ಇದ್ದರೆ ಯಾಕೆ, ಯಾರು ಹೇಳಿದರು, ಎಲ್ಲಿ ಕೇಳಬೇಕು ಎಂಬುದಕ್ಕೆ ಒಂದು ಸಾಲಿನ ಉತ್ತರವೂ ಸಿಗುವುದಿಲ್ಲ. 2011ರ ಸಕಾಲ ಕಾಯ್ದೆ ಇದೆ. ಅರ್ಜಿ ವಿಲೇವಾರಿಗೆ ಗಡುವು ಇಟ್ಟವರಿಗೆ ಪಿಂಚಣಿ ಕಿತ್ತುಕೊಳ್ಳುವ ಮುಂಚೆ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ?

ಸುಳ್ಳು ಆದಾಯ ಬರೆಸಿದವರ ಪಿಂಚಣಿ ಯಾವತ್ತು ಬೇಕಾದರೂ ನಿಲ್ಲಬಹುದು ಎಂಬುದೂ ಇಲ್ಲೇ ಸೇರಿಕೊಂಡಿದೆ. 32 ಸಾವಿರದ ಗೆರೆ ಎಲ್ಲರಿಂದಲೂ ಸುಳ್ಳು ಬರೆಸುತ್ತದೆ. ಆ ಸುಳ್ಳು ಕಡತದಲ್ಲಿ ಕೂತಿರುತ್ತದೆ. ಮುಂದೆ ಯಾರಿಗೋ ಊರ ರಾಜಕೀಯದಲ್ಲಿ ಯಾರ ಮೇಲೋ ಸಿಟ್ಟು ಬಂದರೆ ಒಂದು ಮೂಗರ್ಜಿ ಸಾಕು. ಪಂಚಾಯಿತಿ ಎಲೆಕ್ಷನ್ ಆದಮೇಲೆ ಯಾರ ಓಣಿಯ ಮುದುಕರ ಪಿಂಚಣಿಗೆ ವಿಚಾರಣೆ ಬರುತ್ತದೆ ಎಂಬುದನ್ನು ಊರವರು ಮೊದಲೇ ಹೇಳಬಲ್ಲರು. ಮುದುಕರ ಹೊಟ್ಟೆಪಾಡು ಹೀಗೆ ಬೇರೆಯವರ ಹಿಡಿತದಲ್ಲಿ ಇರುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸುವ ಸಂಗತಿ.

ದುಡ್ಡು ಎಲ್ಲಿಂದ ತರೋಣ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮಿತಿ ತೆಗೆದರೆ ಖರ್ಚು ಏರುತ್ತದೆ, ಅನುಮಾನವಿಲ್ಲ. ಆದರೆ ಸತ್ತವರ ಹೆಸರಿಗೆ ಹೋಗುವ ಪಿಂಚಣಿ, ಒಬ್ಬರಿಗೇ ಎರಡು ಕಡೆ ಹೋಗುವ ಪಿಂಚಣಿ, ವಯಸ್ಸು ತಿದ್ದಿ ಪಡೆದ ಪಿಂಚಣಿ, ಇವನ್ನು ಹಿಡಿಯಲು ಆದಾಯ ಮಿತಿ ಬೇಕಾಗಿಲ್ಲ. ಮರಣ ನೋಂದಣಿ ಇದೆ, ಆಧಾರ್ ಇದೆ, ಕುಟುಂಬ ಐಡಿ ಇದೆ. ಅಲ್ಲಿ ಎಷ್ಟು ಬೇಕಾದರೂ ಬಿಗಿ ಮಾಡಿ, ನಾವು ಚಪ್ಪಾಳೆ ಹೊಡೆಯುತ್ತೇವೆ. ಇನ್ನು ಪ್ರತಿ ಅರ್ಜಿಗೂ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು, ನಾಡಕಚೇರಿ, ತಾಲ್ಲೂಕು ಕಚೇರಿ ಎಂದು ಕಾಗದ ಸುತ್ತುವುದಕ್ಕೆ ಖರ್ಚಿಲ್ಲವೇ? ಆ ಸುತ್ತಾಟದ ಕೊನೆಯಲ್ಲಿ ನಿಮ್ಮ ಕೈಗೆ ಸಿಗುವುದು ಎಲ್ಲರಿಗೂ ಸುಳ್ಳು ಎಂದು ಗೊತ್ತಿರುವ ಒಂದು ಸಂಖ್ಯೆ.

ದೆಹಲಿಯ ಪಾಲಿನ ಬಗ್ಗೆಯೂ ತಾವು ಗಟ್ಟಿಯಾಗಿ ಮಾತಾಡಬೇಕು. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವುದು ತಿಂಗಳಿಗೆ 200 ರೂಪಾಯಿ. ಸುಮಾರು ಎರಡು ದಶಕದಿಂದ ಅಷ್ಟೇ. 80 ದಾಟಿದರೆ 500. ಉಳಿದದ್ದೆಲ್ಲ ರಾಜ್ಯದ ಹೆಗಲ ಮೇಲೆ. ಅದು ನಿಮ್ಮ ನಿಜವಾದ ಕಷ್ಟ. ಆದರೆ ಆ ಕಷ್ಟವನ್ನು ಮುದುಕರ ಅರ್ಜಿ ತಿರುಗಿಸಿ ಕಳಿಸಿ ತೀರಿಸಿಕೊಳ್ಳುವುದು ಬೇಡ.

ಹಾಗಾಗಿ ನನ್ನ ಬೇಡಿಕೆ ಹೀಗಿದೆ. 65 ದಾಟಿದವರಿಗೂ ವಿಧವೆಯರಿಗೂ ಅಂಗವಿಕಲರಿಗೂ ಆದಾಯ ಮಿತಿಯನ್ನೇ ತೆಗೆದುಹಾಕಿ. ಅದರ ಬದಲು ಯಾರಿಗೆ ಇಲ್ಲ ಎಂಬ ಸಣ್ಣ ಪಟ್ಟಿ ಮಾಡಿ: ನಿಜವಾಗಿ ಆದಾಯ ತೆರಿಗೆ ಕಟ್ಟಿದವರು, ಸರ್ಕಾರಿ ಸಂಬಳ ಅಥವಾ ನಿವೃತ್ತಿ ಪಿಂಚಣಿ ಇರುವವರು, ಅಷ್ಟು ಸಾಕು. ಆ ಪಟ್ಟಿಯನ್ನು ಸರ್ಕಾರವೇ ತನ್ನ ದಾಖಲೆ ನೋಡಿ ಮಾಡಿಕೊಳ್ಳಲಿ, ಮುದುಕರ ಕೈಲಿ ಕಾಗದ ತರಿಸುವುದು ಬೇಡ. ಇಷ್ಟು ದೊಡ್ಡ ಹೆಜ್ಜೆ ಈ ಬಜೆಟ್‌ನಲ್ಲಿ ಆಗದು ಎನ್ನುವುದಾದರೆ ಬಿಪಿಎಲ್ ಕಾರ್ಡ್ ಇರುವ ಮನೆಯ ಹಿರಿಯರಿಗೆ ಬೇರೆ ಆದಾಯ ಪ್ರಮಾಣ ಪತ್ರ ಕೇಳಬೇಡಿ, ಮಿತಿಯನ್ನು ಆ ಕಾರ್ಡಿನ 1.20 ಲಕ್ಷಕ್ಕೇ ತನ್ನಿ. ಅದರ ಮೇಲೆ ಕೂಲಿ ದರ ಏರಿದ ಹಾಗೆ ಮಿತಿಯೂ ತಾನಾಗಿ ಏರುವಂತೆ ಮಾಡಿ. ಯಾವ ಮಂತ್ರಿ ಬಂದು ಯಾವಾಗ ನೆನಪು ಮಾಡಿಕೊಳ್ಳುತ್ತಾರೋ ಎಂದು ಕಾಯುವ ಹಾಗೆ ಆಗಬಾರದು. ಠೇವಣಿಯ 10 ಸಾವಿರದ ಷರತ್ತನ್ನು ಇವತ್ತೇ ಕಿತ್ತುಹಾಕಿ.

ಇನ್ನೆರಡಕ್ಕೆ ಬಜೆಟ್ ಕೂಡ ಬೇಡ, ಒಂದು ಸುತ್ತೋಲೆ ಸಾಕು. ಮಗ ಸೊಸೆಯ ದುಡಿಮೆಯನ್ನು ಮುದುಕರ ಆದಾಯಕ್ಕೆ ಸೇರಿಸಬಾರದು ಎಂದು ಎಲ್ಲ ತಹಶೀಲ್ದಾರರಿಗೂ ಸ್ಪಷ್ಟವಾಗಿ ಬರೆಯಿರಿ. ಈಗಾಗಲೇ ಬರುತ್ತಿರುವ ಪಿಂಚಣಿ ನಿಲ್ಲಿಸುವ ಮೊದಲು ಕಾರಣವನ್ನು ಕನ್ನಡದಲ್ಲಿ ಬರೆದ ನೋಟಿಸ್ ಮನೆಗೆ ತಲುಪಲಿ, ಅವರ ಮಾತು ಕೇಳಲು ಒಂದು ತಿಂಗಳು ಸಮಯ ಇರಲಿ, ಆ ತಿಂಗಳ ದುಡ್ಡು ನಿಲ್ಲದಿರಲಿ. ಆ ವಿಚಾರಣೆ ಹೋಬಳಿ ಮಟ್ಟದ ಪಿಂಚಣಿ ಅದಾಲತ್‌ನಲ್ಲೇ ಆಗಲಿ, ಜಿಲ್ಲಾ ಕೇಂದ್ರಕ್ಕೆ ಓಡಾಡಿಸಬೇಡಿ. ಕಾವಲು ಕಾಯುವ ಆ ಯಜಮಾನರಂಥವರ ಅರ್ಜಿಗಳು, ಆದಾಯ ಮಿತಿ ಮೀರಿದೆ ಎಂಬ ಒಂದೇ ಕಾರಣಕ್ಕೆ ರಿಜೆಕ್ಟ್ ಆದವು, ಪ್ರತಿ ತಾಲ್ಲೂಕಿನಲ್ಲೂ ಕಂಪ್ಯೂಟರಿನಲ್ಲೇ ಇವೆ. ಅವುಗಳನ್ನು ತೆಗೆಸಿ, ಮತ್ತೆ ಅರ್ಜಿ ಹಾಕಿಸದೆ ಮರುಪರಿಶೀಲನೆ ಮಾಡಿಸಿ. ನನ್ನ ಅಂಗಡಿಗೆ ವ್ಯಾಪಾರ ಕಮ್ಮಿಯಾದರೆ ಆಗಲಿ.

ತಮ್ಮ ಉತ್ತರವನ್ನು ಬರಹದಲ್ಲೇ ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ಜೆರಾಕ್ಸ್ ಅಂಗಡಿಯವ